ತೆರೆದ ರಥವೂ ಮುಚ್ಚಿದ ರಥವೂ

ಎರಡು ವಸ್ತುಗಳನ್ನು ಹೋಲಿಸುವುದು ಸುಲಭವೆಂದು ತೋರುತ್ತದೆ. ಆದರೆ ಹೋಲಿಸುವುದಕ್ಕೆ ಮೊದಲು "ಯಾವ ಕೆಲಸಕ್ಕಾಗಿ?" ಎಂದು ಕೇಳಿಕೊಳ್ಳದವನ ಹೋಲಿಕೆಯೆಲ್ಲವೂ ವ್ಯರ್ಥವೇ ಸರಿ. ಪೂಜೆಯ ಪಂಚಪಾತ್ರೆಯನ್ನೂ ಅಡಿಗೆಮನೆಯ ಕೊಳದಪ್ಪಲೆಯನ್ನೂ ಎದುರೆದುರಿಗಿಟ್ಟು ಯಾವುದು ಮೇಲೆಂದು ಕೇಳಿದರೆ ಮನೆಯಾಕೆಯು ನಕ್ಕು ಒಳಗೆ ಹೋಗುವಳು. ಹೀಗಿದ್ದರೂ ಮೋಟಾರು ಗಾಡಿಗಳ ಮಾತು ಬಂದೊಡನೆ ವಿವೇಕಿಗಳೂ ಈ ನಿಯಮವನ್ನು ಮರೆಯುವುದುಂಟು. ಹಳೆಯ ಗಾಡಿಯ ಸೊಗಸು ಹೊಸದಕ್ಕೆಲ್ಲಿಯದೆಂದು ಒಂದು ಪಕ್ಷ. ಹಳೆಯದೆಂದರೆ ತುಕ್ಕು ಹಿಡಿದ ಕಬ್ಬಿಣವೆಂದು ಇನ್ನೊಂದು ಪಕ್ಷ.

ಹಳತು ಹೊಸತುಗಳ ಈ ವಿವಾದವನ್ನು ಮಹಾಕವಿ ಕಾಳಿದಾಸನು ತನ್ನ ಮಾಳವಿಕಾಗ್ನಿಮಿತ್ರ ನಾಟಕದ ಪ್ರಸ್ತಾವನೆಯಲ್ಲಿಯೇ ಎತ್ತಿ, ಪರೀಕ್ಷಿಸಿದ ಮೇಲೆ ತೀರ್ಮಾನಿಸುವುದೇ ಬಲ್ಲವರ ದಾರಿಯೆಂದು ಸೂಚಿಸಿದ್ದಾನೆ. ಪ್ರಕೃತ ನಾವು ಮಾಡಹೊರಟಿರುವುದೂ ಅಂತಹ ಒಂದು ಪರೀಕ್ಷೆಯನ್ನೇ. ಇಂಗ್ಲೆಂಡಿನ ಒಂದೇ ಕಾರ್ಖಾನೆಯಲ್ಲಿ, ಇಪ್ಪತ್ತು ವರ್ಷಗಳ ಅಂತರದಲ್ಲಿ ಹೊರಬಂದ ಎರಡು ಗಾಡಿಗಳನ್ನು ಇದಕ್ಕೆ ಆರಿಸಿಕೊಂಡಿದ್ದೇವೆ. ಮೊದಲನೆಯದು 1945ರ ಎಂ.ಜಿ. ಟಿ.ಸಿ. ಎಂಬ ರೋಡ್‌ಸ್ಟರ್, ಎರಡನೆಯದು 1965ರ ಎಂ.ಜಿ.ಬಿ. ಜಿ.ಟಿ. ಎಂಬ ಕೂಪೇ. ಒಂದೇ ಮನೆತನದ ಮಕ್ಕಳಾದುದರಿಂದ ಇವುಗಳ ಹೋಲಿಕೆಯಲ್ಲಿ ಅನ್ಯಾಯಕ್ಕೆ ಎಡೆಯಿಲ್ಲ.

ಹೆಸರುಗಳ ಅರ್ಥವನ್ನು ಮೊದಲು ತಿಳಿದುಕೊಳ್ಳೋಣ. ರೋಡ್‌ಸ್ಟರ್ ಎಂದರೆ ಸ್ಥಿರವಾದ ಮಾಡಿಲ್ಲದ, ಇಬ್ಬರು ಮಾತ್ರ ಕುಳಿತುಕೊಳ್ಳುವ ತೆರೆದ ಗಾಡಿ. ಕೂಪೇ ಎಂಬುದು ಫ್ರೆಂಚ್ ಮಾತು. 'ಕತ್ತರಿಸಿದ' ಎಂದು ಅದರ ಅರ್ಥ. ಕುದುರೆಗಾಡಿಗಳ ಕಾಲದಲ್ಲಿ, ಎದುರುಬದುರಾಗಿ ಎರಡು ಆಸನಗಳಿದ್ದ ದೊಡ್ಡ ಗಾಡಿಯ ಮುಂದಿನ ಭಾಗವನ್ನು ಕತ್ತರಿಸಿ ಚಿಕ್ಕದಾಗಿ ಮಾಡಿದ ಮುಚ್ಚಿದ ಗಾಡಿಗೆ ಈ ಹೆಸರು ಬಂದಿತು. ಮೋಟಾರು ಬಂದ ಮೇಲೆ, ಗಟ್ಟಿಯಾದ ಮಾಡೂ ಎರಡು ಬಾಗಿಲೂ ಉಳ್ಳ ಚಿಕ್ಕ ಗಾಡಿಗೆ ಅದೇ ಹೆಸರು ನಿಂತಿತು. ನಮ್ಮ ಸಂಸ್ಕೃತದ 'ಕೂಪ'ಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಮುಚ್ಚಿದ ಗಾಡಿಯಲ್ಲಿ ಕುಳಿತವನು ಕೂಪಮಂಡೂಕನಾಗುವನೇ ಎಂಬ ಪ್ರಶ್ನೆಯು ಮುಂದೆ ಬರಲಿರುವುದರಿಂದ ಈ ಶಬ್ದಸಾಮ್ಯವನ್ನು ವಾಚಕರು ನೆನಪಿನಲ್ಲಿಟ್ಟಿರಬಹುದು.

ಮನೆತನದ ಪರಿಚಯ

ಎಂ.ಜಿ. ಎಂಬ ಎರಡಕ್ಷರಗಳು 'ಮಾರಿಸ್ ಗ್ಯಾರೇಜಸ್' ಎಂಬ ಹೆಸರಿನಿಂದ ಬಂದವು. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಎಂಬವರಿಗೆ ಸೇರಿದ ಮಾರಾಟದ ಮಳಿಗೆ ಅದು. 1922ರಲ್ಲಿ ಅದರ ವ್ಯವಸ್ಥಾಪಕನಾದ ಸೆಸಿಲ್ ಕಿಂಬರ್ ಎಂಬವನು ಮಾರಿಸ್ ಕಂಪೆನಿಯ ಸಾಧಾರಣ ಗಾಡಿಗಳಿಗೆ ಚೆಲುವಾದ, ಹಗುರವಾದ ಮೈಗಳನ್ನು ಕಟ್ಟಿಸಿ ಮಾರತೊಡಗಿದನು. ಅದರಿಂದಲೇ ಈ ಮನೆತನ ಹುಟ್ಟಿತು. 1929ರಲ್ಲಿ ಕಾರ್ಖಾನೆಯು ಆಬಿಂಗ್ಡನ್ ಎಂಬ ಚಿಕ್ಕ ಊರಿಗೆ ಹೋಗಿ ನೆಲೆಸಿತು. ಶ್ರೀಮಂತರಲ್ಲದ ತರುಣರಿಗೂ ಎಟಕುವಂತಹ, ಚುರುಕಾದ ಗಾಡಿಗಳನ್ನು ಮಾಡುವುದು ಅದರ ವ್ರತ. ಭದ್ರತೆ ಮತ್ತು ವೇಗ ಎಂಬ ಎರಡು ಪದಗಳನ್ನು ಜೋಡಿಸಿದ ಒಂದು ಘೋಷವಾಕ್ಯವನ್ನು ಅವರು ಇಟ್ಟುಕೊಂಡಿದ್ದರು. ವೇಗವಾಗಿ ಹೋಗು, ಆದರೆ ಭದ್ರವಾಗಿ ಹೋಗು ಎಂಬುದು ಅದರ ಭಾವ. ಈ ಎರಡು ಪದಗಳೇ ನಮ್ಮ ಪರೀಕ್ಷೆಗೆ ಒರೆಗಲ್ಲು.

ಕಿಂಬರನು 1945ರ ಫೆಬ್ರುವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ಆದ ರೈಲು ಅಪಘಾತದಲ್ಲಿ ತೀರಿಕೊಂಡನು. ವೇಗದ ಗಾಡಿಗಳ ನಡುವೆ ಬಾಳಿದವನಿಗೆ ಮೃತ್ಯುವು ನಿಲ್ದಾಣದ ಹತ್ತಿರ ನಿಧಾನವಾಗಿ ಚಲಿಸುತ್ತಿದ್ದ ರೈಲಿನಲ್ಲಿ ಕಾದಿದ್ದಿತು. ಆತನು ತೀರಿಕೊಂಡ ಕೆಲವೇ ತಿಂಗಳುಗಳಲ್ಲಿ, ಯುದ್ಧ ಮುಗಿದೊಡನೆಯೇ, ಟಿ.ಸಿ. ಹೊರಬಂದಿತು.

ತೆರೆದ ಗಾಡಿ

ಟಿ.ಸಿ.ಯನ್ನು ನೋಡಿದವರಿಗೆ ಅದು 1945ರದ್ದೆಂದು ತೋರುವುದೇ ಇಲ್ಲ. ಇನ್ನೂ ಹತ್ತು ವರ್ಷ ಹಿಂದಿನದೆಂದು ತೋರುವುದು. ಅದಕ್ಕೆ ಕಾರಣವುಂಟು. ಯುದ್ಧಕ್ಕೆ ಮೊದಲು, 1939ರಲ್ಲಿ, ಬಂದಿದ್ದ ಟಿ.ಬಿ. ಎಂಬ ಗಾಡಿಯನ್ನೇ ಸ್ವಲ್ಪ ಅಗಲಮಾಡಿ, ಅಲ್ಲಲ್ಲಿ ತಿದ್ದಿ ಇದನ್ನು ಸಿದ್ಧಪಡಿಸಿದರು. ಉಕ್ಕಿನ ಎರಡು ಉದ್ದನೆಯ ತೊಲೆಗಳು ತಳಹದಿ. ಅವುಗಳ ಮೇಲೆ ಆಷ್ ಎಂಬ ಮರದ ಚೌಕಟ್ಟು. ಆ ಚೌಕಟ್ಟಿಗೆ ಹೊದಿಸಿದ ತಗಡು. ಮುಂದೆಯೂ ಹಿಂದೆಯೂ ನಮ್ಮ ಜಟಕಾಗಳಿಗಿದ್ದಂತೆಯೇ ಅಡ್ಡ ಅಚ್ಚುಗಳು, ಕಮಾನು ಪಟ್ಟಿಗಳು. ಸೈಕಲ್ಲಿನಂತೆ ತಂತಿಯ ಕಡ್ಡಿಗಳುಳ್ಳ 19 ಅಂಗುಲದ ಎತ್ತರವಾದ ಚಕ್ರಗಳು. ಹಿಂಬದಿಯಲ್ಲಿ ಪೆಟ್ರೋಲಿನ ತೊಟ್ಟಿ, ಅದರ ಬೆನ್ನಿಗೆ ಕಟ್ಟಿದ ಬಿಡಿಚಕ್ರ. ಎಂಜಿನ್ನು 1,250 ಘನ ಸೆಂಟಿಮೀಟರಿನದು. ಬಲವು ಸುಮಾರು 54 ಅಶ್ವಶಕ್ತಿ. ಗಾಡಿಯ ತೂಕವು ಸುಮಾರು 800 ಕಿಲೋಗ್ರಾಂ ಮಾತ್ರ. ಗಂಟೆಗೆ 75 ಮೈಲಿಯ ಆಸುಪಾಸು ಅದರ ಪರಮಾವಧಿ ವೇಗ. ನಿಂತಲ್ಲಿಂದ 60 ಮೈಲಿಯ ವೇಗಕ್ಕೇರಲು 20 ಸೆಕೆಂಡುಗಳಿಗಿಂತ ಹೆಚ್ಚು ಬೇಕು.

ಈ ಅಂಕಿಗಳಲ್ಲಿ ಬೆರಗಾಗತಕ್ಕದ್ದು ಏನೂ ಇಲ್ಲ. ಇಂದು ಯಾವ ಸಾಧಾರಣ ಗಾಡಿಯಾದರೂ ಇದನ್ನು ಹಿಂದೆ ಹಾಕಬಲ್ಲದು. ಹಾಗಾದರೆ ಜನರು ಇದನ್ನು ಅಷ್ಟೊಂದು ಮೆಚ್ಚಿದುದೇಕೆ? ಅದನ್ನು ನಡೆಸುವ ಕ್ರಮವನ್ನು ನೋಡಿದರೆ ಉತ್ತರ ದೊರೆಯುವುದು.

ಬಾಗಿಲುಗಳು ಹಿಂದಿನ ಅಂಚಿನಿಂದ ತೆರೆದುಕೊಳ್ಳುತ್ತವೆ. ಮೊಣಕೈ ಚಾಚಲು ಅನುಕೂಲವಾಗುವಂತೆ ಅವುಗಳ ಮೇಲುಭಾಗವನ್ನು ಬಾಗಿಸಿ ಕತ್ತರಿಸಿದೆ. ಮುಂದಿನ ಗಾಜನ್ನು ಬೇಕೆಂದಾಗ ಮುಂದಕ್ಕೆ ಮಲಗಿಸಬಹುದು. ಆಗ ಗಾಳಿಯು ನೇರವಾಗಿ ಮುಖಕ್ಕೆ ಬಡಿಯುವುದು. ಮಳೆ ಬಂದರೆ ಬಟ್ಟೆಯ ಟಾಪನ್ನು ಕೈಯಿಂದ ಎಳೆದು ಕಟ್ಟಿ, ಪಕ್ಕದ ಪರದೆಗಳನ್ನು ಸಿಕ್ಕಿಸಬೇಕು. ಎಲ್ಲಕ್ಕಿಂತ ವಿನೋದವಾದುದು ಮುಂದಣ ಫಲಕ. ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಗಡಿಯಾರವು ನಡೆಸುವವನ ಮುಂದಿದೆ. ಗಾಡಿಯ ವೇಗವನ್ನು ತೋರಿಸುವ ಗಡಿಯಾರವೋ ಪಕ್ಕದಲ್ಲಿ ಕುಳಿತವರ ಮುಂದಿದೆ! ಊರೊಳಗಿನ ಮಿತಿಯಾದ 30 ಮೈಲಿಯ ವೇಗವನ್ನು ನೆನಪಿಸಲು ಒಂದು ಪುಟ್ಟ ದೀಪವುಂಟು. ಪೆಟ್ರೋಲಿನ ಅಳತೆಗೆ ಮುಳ್ಳಿಲ್ಲ. ತೊಟ್ಟಿಯು ಬರಿದಾಗುತ್ತ ಬಂದಾಗ ಎಚ್ಚರಿಸಲು ಇನ್ನೊಂದು ದೀಪ, ಅಷ್ಟೆ. ಮೊದಲನೆಯ ಗೇರಿಗೆ ಇಳಿಸಬೇಕಾದರೆ ಎಂಜಿನ್ನಿನ ವೇಗವನ್ನೂ ಚಕ್ರದ ವೇಗವನ್ನೂ ಕಾಲಿನಿಂದಲೂ ಕಿವಿಯಿಂದಲೂ ಹೊಂದಿಸಬೇಕು. ತಪ್ಪಿದರೆ ಹಲ್ಲುಚಕ್ರಗಳು ಕರಕರನೆ ಗೊಣಗುವುವು.

ಇದರ ಫಲವೇನು? ಈ ಗಾಡಿಯಲ್ಲಿ ಕುಳಿತವನು ಮೈಮರೆಯುವಂತೆಯೇ ಇಲ್ಲ. ರಸ್ತೆಯ ಪ್ರತಿಯೊಂದು ಗುಂಡಿಯೂ ಬೆನ್ನಿಗೆ ತಿಳಿಯುವುದು. ಪ್ರತಿಯೊಂದು ತಿರುವೂ ಅಂಗೈಗೆ ತಿಳಿಯುವುದು. 40 ಮೈಲಿಯ ವೇಗವು 60ರಂತೆ ತೋರುವುದು. ಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮೇಲೆ ಮಕ್ಕಳ ಮುಂದೆ ನಿಂತವರಾದ ನಾವು ಒಂದು ಮಾತನ್ನು ನಿಸ್ಸಂಶಯವಾಗಿ ಹೇಳಬಲ್ಲೆವು: ತಾನೇ ತಿದ್ದಿ ಬರೆದ ಅಕ್ಷರವು ಹುಡುಗನ ಕೈಯಲ್ಲಿ ನಿಲ್ಲುವಂತೆ ಬೇರೆಯವರು ಬರೆದುಕೊಟ್ಟದ್ದು ನಿಲ್ಲದು. ಟಿ.ಸಿ.ಯು ತನ್ನ ಒಡೆಯನಿಗೆ ಪ್ರತಿದಿನವೂ ಪಾಠ ಹೇಳುವ ಕಠಿನನಾದ ಉಪಾಧ್ಯಾಯ.

ಯುದ್ಧಕಾಲದಲ್ಲಿ ಇಂಗ್ಲೆಂಡಿಗೆ ಬಂದಿದ್ದ ಅಮೆರಿಕದ ಸೈನಿಕರು ಇಂತಹ ಗಾಡಿಗಳ ರುಚಿಯನ್ನು ಕಂಡಿದ್ದರು. 1949ರವರೆಗೆ ತಯಾರಾದ ಸುಮಾರು 10,000 ಟಿ.ಸಿ.ಗಳಲ್ಲಿ ಸುಮಾರು 2,000 ಅಮೆರಿಕಕ್ಕೆ ಹೋದವು. ಅಲ್ಲಿ ರಸ್ತೆಯ ಬಲಗಡೆ ನಡೆಯುವ ಪದ್ಧತಿಯಿದ್ದರೂ ಈ ಗಾಡಿಗೆ ಸ್ಟಿಯರಿಂಗ್ ಚಕ್ರವು ಬಲಗಡೆಯಲ್ಲಿಯೇ ಇದ್ದಿತು. ಆ ಅನನುಕೂಲವನ್ನೂ ಜನರು ಸಹಿಸಿಕೊಂಡರು. 1948ರಲ್ಲಿ ನ್ಯೂಯಾರ್ಕ್ ಪ್ರಾಂತದ ವಾಟ್ಕಿನ್ಸ್ ಗ್ಲೆನ್ ಎಂಬಲ್ಲಿ ಊರಿನ ರಸ್ತೆಗಳಲ್ಲಿಯೇ ನಡೆದ ಮೊದಲ ಪಂದ್ಯದಲ್ಲಿ ಈ ಗಾಡಿಗಳೂ ಓಡಿದವು.

ಮುಚ್ಚಿದ ಗಾಡಿ

ಆದರೆ ತರುಣನು ಯಾವಾಗಲೂ ತರುಣನಾಗಿಯೇ ಇರುವುದಿಲ್ಲ. ಮದುವೆಯಾಗುವುದು, ಮಕ್ಕಳಾಗುವುವು, ಕಚೇರಿಗೆ ಒದ್ದೆಯಾದ ಅಂಗಿಯಲ್ಲಿ ಹೋಗುವುದು ಯುಕ್ತವಾಗಿ ಕಾಣುವುದಿಲ್ಲ. ಟಿ.ಸಿ.ಯು ಬ್ರಹ್ಮಚಾರಿಯ ವಾಹನವಾದರೆ ಗೃಹಸ್ಥನಿಗೂ ಒಂದು ವಾಹನವು ಬೇಕಷ್ಟೆ. ಆಬಿಂಗ್ಡನ್ನಿನವರು ಈ ಸತ್ಯವನ್ನು ಅರಿತರು.

1962ರಲ್ಲಿ ಅವರು ಎಂ.ಜಿ.ಬಿ. ಎಂಬ ಹೊಸ ರೋಡ್‌ಸ್ಟರನ್ನು ಹೊರತಂದರು. ಅದರ ವಿನ್ಯಾಸದ ಮುಖಂಡನು ಸಿಡ್ ಎನೆವರ್. ಮೂರು ವರ್ಷಗಳ ಮೇಲೆ, 1965ರ ಅಕ್ಟೋಬರಿನಲ್ಲಿ, ಇಟಲಿಯ ಪ್ರಸಿದ್ಧರಾದ ಪಿನಿನ್‌ಫರೀನಾ ಸಂಸ್ಥೆಯವರು ರೂಪಿಸಿದ ಮಾಡನ್ನು ಅದಕ್ಕೆ ಕೂಡಿಸಿ ಜಿ.ಟಿ. ಎಂಬ ಕೂಪೇಯನ್ನು ಮಾಡಿದರು. ಹಿಂದೆ ಮೇಲಕ್ಕೆತ್ತುವ ಒಂದು ಕದ. ಒಳಗೆ ಚಿಕ್ಕ ಮಕ್ಕಳಿಗೆ ಮಾತ್ರ ಸಾಲುವ ಹಿಂದಣ ಆಸನ. ಅದರ ಒರಗನ್ನು ಮಡಿಸಿದರೆ ಸಾಮಾನಿಗೆ ಸಮತಟ್ಟಾದ ಜಾಗ. ಬಾಗಿಲಿನಲ್ಲಿ ತಿರುಗಿಸಿ ಏರಿಸುವ ಗಾಜುಗಳು. ಇಷ್ಟಾದರೂ ಇಂಗ್ಲೆಂಡಿನ ಚಳಿಯಲ್ಲಿ ಅವಶ್ಯವಾದ ಬಿಸಿಗಾಳಿಯ ಯಂತ್ರಕ್ಕೆ ಆ ದೇಶದವರು ಮೊದಮೊದಲು ಬೇರೆ ಹಣ ಕೊಡಬೇಕಾಗಿತ್ತು ಎಂಬುದು ನಗೆ ಬರಿಸುವ ಸಂಗತಿ.

ಇದರ ಎಂಜಿನ್ನು 1,798 ಘನ ಸೆಂಟಿಮೀಟರಿನದು. ಬಲವು 95 ಅಶ್ವಶಕ್ತಿ. ತೂಕವು ಒಂದು ಟನ್ನಿಗೆ ತುಸು ಮೇಲೆ. 60 ಮೈಲಿಯ ವೇಗಕ್ಕೆ ಸುಮಾರು 13–14 ಸೆಕೆಂಡುಗಳಲ್ಲಿ ಏರುವುದು. ಪರಮಾವಧಿ ವೇಗವು 100 ಮೈಲಿಯನ್ನು ದಾಟುವುದು. ಮಾಡಿನಿಂದ ಸುಮಾರು 100 ಕಿಲೋಗ್ರಾಂ ತೂಕ ಹೆಚ್ಚಿದರೂ, ಗಾಳಿಯನ್ನು ಸೀಳಿಕೊಂಡು ಹೋಗುವ ನುಣುಪಾದ ಬೆನ್ನಿನಿಂದಾಗಿ ಪರಮಾವಧಿ ವೇಗದಲ್ಲಿ ತನ್ನ ತೆರೆದ ಸೋದರಿಗಿಂತ ಇದು ತುಸು ಮುಂದೆಯೇ. ಹಾರಾಡುವ ಬಟ್ಟೆಗಿಂತ ಬಿಗಿದ ಹೊದಿಕೆಗೆ ಗಾಳಿಯ ತಡೆ ಕಡಿಮೆಯೆಂಬುದು ಎದುರುಗಾಳಿಯಲ್ಲಿ ಕೊಡೆ ಹಿಡಿದವರಿಗೆಲ್ಲ ತಿಳಿದದ್ದೇ.

ಈ ಎರಡು ಗಾಡಿಗಳನ್ನೂ ಒಂದೇ ಸಂಸಾರದಲ್ಲಿ ನೋಡಬೇಕೆಂದರೆ ಇಂಗ್ಲೆಂಡಿನ ಅರಮನೆಯತ್ತ ತಿರುಗಬೇಕು. ಯುವರಾಣಿ ಎಲಿಜ಼ಬೆತ್ತಳನ್ನು 1947ರಲ್ಲಿ ವರಿಸಿದ ಫಿಲಿಪ್ಪನು ಮದುವೆಗೆ ಮೊದಲು ಓಡಾಡುತ್ತಿದ್ದುದು ಒಂದು ಟಿ.ಸಿ.ಯಲ್ಲಿ. ಅವರ ಮಗನಾದ ಚಾರ್ಲ್ಸನು 1968ರಲ್ಲಿ ಕೊಂಡದ್ದು ಇದೇ ಆಕಾರದ, ಆದರೆ ಆರು ಸಿಲಿಂಡರುಗಳ ಎಂಜಿನ್ನುಳ್ಳ ಎಂ.ಜಿ.ಸಿ. ಜಿ.ಟಿ. ಎಂಬ ಕೂಪೇಯನ್ನು. ತಂದೆಗೆ ತೆರೆದ ಗಾಡಿ, ಮಗನಿಗೆ ಮುಚ್ಚಿದ ಗಾಡಿ. ಒಂದು ತಲೆಮಾರಿನಲ್ಲಿ ಕಾಲವು ಯಾವ ಕಡೆಗೆ ವಾಲಿತೆಂಬುದಕ್ಕೆ ಇದು ದೃಷ್ಟಾಂತ.

ಒಳಗಿನ ಭೇದಗಳು

ಹೊರಗಿನ ಮಾಡಿಗಿಂತಲೂ ಮುಖ್ಯವಾದ ಭೇದಗಳು ಕಣ್ಣಿಗೆ ಕಾಣದ ಕಡೆ ಇವೆ. ಅವುಗಳಲ್ಲಿ ಮೂರನ್ನು ಹೇಳುವೆವು.

ಮೊದಲನೆಯದು ಮೈಕಟ್ಟು. ಟಿ.ಸಿ.ಯಲ್ಲಿ ಭಾರವನ್ನೆಲ್ಲ ಕೆಳಗಿನ ತೊಲೆಗಳೇ ಹೊರುತ್ತವೆ. ಮೇಲಿನ ಮೈಯು ಎತ್ತಿನ ಗಾಡಿಯ ಮೇಲಿಟ್ಟ ಕಮಾನಿನಂತೆ. ಜಿ.ಟಿ.ಯಲ್ಲಿ ತೊಲೆಗಳು ಬೇರೆ, ಮೈಯು ಬೇರೆ ಎಂಬುದೇ ಇಲ್ಲ. ತೆಂಗಿನ ಚಿಪ್ಪಿನಂತೆ ಇಡೀ ಕವಚವೇ ಭಾರವನ್ನು ಹೊರುವುದು. ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯನ್ನು ಹಿಡಿದು ತಿರುಚಿದರೆ ಅದು ಸುಲಭವಾಗಿ ಸೊಟ್ಟಗಾಗುವುದು. ಮುಚ್ಚಳವನ್ನು ಅಂಟಿಸಿದರೆ ಬಿಗಿಯಾಗಿ ನಿಲ್ಲುವುದು. ಜಿ.ಟಿ.ಯ ಮಾಡು ಆ ಮುಚ್ಚಳದ ಕೆಲಸವನ್ನೂ ಮಾಡುವುದು.

ಎರಡನೆಯದು ಚಕ್ರಗಳ ನಡೆ. ಟಿ.ಸಿ.ಯ ಮುಂದಿನ ಎರಡು ಚಕ್ರಗಳು ಒಂದೇ ಅಚ್ಚಿಗೆ, ಒಂದು ನೊಗಕ್ಕೆ ಕಟ್ಟಿದ ಎತ್ತುಗಳಂತೆ ಬಂಧಿಸಲ್ಪಟ್ಟಿವೆ. ಒಂದು ಎಡವಿದರೆ ಇನ್ನೊಂದೂ ಓಲಾಡಬೇಕು. ಜಿ.ಟಿ.ಯ ಮುಂದಿನ ಚಕ್ರಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಸುರುಳಿ ಸ್ಪ್ರಿಂಗು ಇರುವುದರಿಂದ, ಎಡಚಕ್ರವು ಗುಂಡಿಗೆ ಬಿದ್ದರೆ ಬಲಚಕ್ರಕ್ಕೆ ಅದರ ಗೋಜಿಲ್ಲ. ಹಿಂದಿನ ಚಕ್ರಗಳಿಗೆ ಮಾತ್ರ ಹಳೆಯ ಕಮಾನು ಪಟ್ಟಿಗಳನ್ನೇ ಉಳಿಸಿಕೊಂಡರು; ಹೊಸತರಲ್ಲಿಯೂ ಹಳೆಯದು ಹೀಗೆ ಸೇರಿಕೊಂಡಿರುವುದು ಲೋಕಸ್ವಭಾವ.

ಮೂರನೆಯದು ಬ್ರೇಕು. ಟಿ.ಸಿ.ಯ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು; ಜಿ.ಟಿ.ಯ ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ ಬ್ರೇಕು. ಬ್ರೇಕು ಒತ್ತಿದಾಗ ಗಾಡಿಯ ವೇಗವೆಲ್ಲ ಉಜ್ಜುವಿಕೆಯಿಂದ ಶಾಖವಾಗಿ ಪರಿಣಮಿಸುವುದು. ಡ್ರಮ್ ಎಂದರೆ ಮುಚ್ಚಿದ ಪಾತ್ರೆ. ಒಳಗಿನ ಶಾಖವು ಬೇಗ ಹೊರಗೆ ಹೋಗದು. ಇಳಿಜಾರಿನಲ್ಲಿ ಮೇಲಿಂದ ಮೇಲೆ ಒತ್ತಿದರೆ ಬ್ರೇಕು ಕಾದು ಹಿಡಿತವನ್ನು ಕಳೆದುಕೊಳ್ಳುವುದು. ಡಿಸ್ಕ್ ಎಂದರೆ ಗಾಳಿಗೆ ತೆರೆದ ತಟ್ಟೆ. ಪಾತ್ರೆಯಲ್ಲಿ ಮುಚ್ಚಿಟ್ಟ ಅನ್ನಕ್ಕಿಂತ ತಟ್ಟೆಯಲ್ಲಿ ಹರಡಿದ ಅನ್ನವು ಬೇಗ ಆರುವುದನ್ನು ತಾಯಂದಿರಿಗೆ ಹೇಳಿಕೊಡಬೇಕೆ?

ಬಾಳಿಕೆಯ ವಿಷಯದಲ್ಲಿ ಮಾತ್ರ ಎರಡಕ್ಕೂ ತಮ್ಮ ತಮ್ಮ ರೋಗವುಂಟು. ಟಿ.ಸಿ.ಯ ಮರದ ಚೌಕಟ್ಟು ನೀರು ತಗಲಿದರೆ ಲಡ್ಡಾಗುವುದು. ಆದರೆ ಅದನ್ನು ಕಳಚಿ ಬಲ್ಲ ಬಡಗಿಯಿಂದ ಹೊಸದನ್ನು ಕೂಡಿಸಬಹುದು. ಜಿ.ಟಿ.ಯ ಬಾಗಿಲುಗಳ ಕೆಳಗಿನ ಹೊಸ್ತಿಲು ಭಾಗವು ತುಕ್ಕು ಹಿಡಿದರೆ, ಭಾರ ಹೊರುವ ಅಂಗವೇ ಕೆಟ್ಟಂತೆ. ಆದುದರಿಂದ ಹಳೆಯ ಜಿ.ಟಿ.ಯನ್ನು ಕೊಳ್ಳುವವರು ಬಣ್ಣವನ್ನು ನೋಡುವುದಿಲ್ಲ. ಬಗ್ಗಿ ಆ ಹೊಸ್ತಿಲನ್ನು ನೋಡುತ್ತಾರೆ. ಮೂಲ ಅಚ್ಚುಗಳನ್ನು ಹುಡುಕಿ ಸರಿಪಡಿಸಿ, ಎಂ.ಜಿ.ಬಿ.ಯ ಉಕ್ಕಿನ ಮೈಗಳನ್ನು ಮತ್ತೆ ತಯಾರಿಸುವ ಕೆಲಸವು 1988ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು.

ಭಯವು ಎಲ್ಲಿ ಅಡಗಿದೆ?

ಈಗ ನಮ್ಮ ಒರೆಗಲ್ಲಿಗೆ ಬರೋಣ. ಭದ್ರತೆಯ ವಿಷಯದಲ್ಲಿ ಈ ಎರಡರಲ್ಲಿ ಯಾವುದು ಮೇಲು? ಮೇಲ್ನೋಟಕ್ಕೆ ಉತ್ತರವು ಸ್ಪಷ್ಟವಾಗಿದೆ. ಟಿ.ಸಿ.ಯಲ್ಲಿ ತಲೆಯ ಮೇಲೆ ಮಾಡಿಲ್ಲ, ಸೊಂಟಕ್ಕೆ ಪಟ್ಟಿಯಿಲ್ಲ, ಬೆನ್ನ ಹಿಂದೆಯೇ ಪೆಟ್ರೋಲಿನ ತೊಟ್ಟಿ. ಗಾಡಿಯು ಮಗುಚಿಕೊಂಡರೆ ಒಳಗಿದ್ದವರನ್ನು ದೇವರೇ ಕಾಯಬೇಕು. ಜಿ.ಟಿ.ಯಲ್ಲಿ ಮಾಡುಂಟು, ಉತ್ತಮವಾದ ಬ್ರೇಕುಂಟು, ಆಸನದ ಪಟ್ಟಿಯನ್ನು ಬಿಗಿಯಲು ಏರ್ಪಾಡುಂಟು. ಯಂತ್ರವನ್ನು ಮಾತ್ರ ನೋಡಿದರೆ ಇಲ್ಲಿಗೆ ವಿಚಾರ ಮುಗಿಯಿತು.

ಆದರೆ ಯಂತ್ರವು ತಾನಾಗಿ ಓಡುವುದಿಲ್ಲ. ಮನುಷ್ಯನೊಬ್ಬನು ಅದನ್ನು ಓಡಿಸುತ್ತಾನೆ. ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ, ಬುದ್ಧಿಯನ್ನು ಸಾರಥಿಗೂ, ಮನಸ್ಸನ್ನು ಹಗ್ಗಕ್ಕೂ ಹೋಲಿಸಿದೆ. ಅಲ್ಲಿಯ ವಿಷಯವು ಬೇರೆಯಾದರೂ ಆ ಹೋಲಿಕೆಯು ನಮ್ಮ ಪ್ರಯೋಜನಕ್ಕೂ ಬರುವಂತಹುದು. ರಥವು ಎಷ್ಟು ಗಟ್ಟಿಯಾಗಿದ್ದರೇನು, ಸಾರಥಿಯು ತೂಕಡಿಸಿದರೆ?

ಟಿ.ಸಿ.ಯಲ್ಲಿ 40 ಮೈಲಿಯು 60ರಂತೆ ತೋರುವುದೆಂದು ಮೇಲೆ ಹೇಳಿದೆವು. ಮುಚ್ಚಿದ ಗಾಡಿಯಲ್ಲಿ ಇದಕ್ಕೆ ವಿಪರೀತವಾಗಿ 60 ಮೈಲಿಯು 40ರಂತೆ ತೋರುವುದು. ಗಾಳಿಯ ಸದ್ದಿಲ್ಲ, ಗುಂಡಿಯ ಪೆಟ್ಟಿಲ್ಲ, ಒದ್ದೆಯಾಗುವ ಭಯವಿಲ್ಲ. ಹೀಗಾಗಿ ವೇಗವು ಕಣ್ಣಿಗೂ ಕಿವಿಗೂ ಮರೆಯಾಗುವುದು. ಮರೆಯಾದ ಮಾತ್ರಕ್ಕೆ ಅದು ಇಲ್ಲದಂತಾಯಿತೆ? ಇಲ್ಲ. ಇಂಗ್ಲೆಂಡಿನ ರಸ್ತೆ ನಿಯಮಗಳ ಕೈಪಿಡಿಯಲ್ಲಿ ಗಾಡಿಯು ನಿಲ್ಲಲು ಬೇಕಾದ ದೂರವನ್ನು ಪಟ್ಟಿಮಾಡಿದ್ದಾರೆ. ಗಂಟೆಗೆ 30 ಮೈಲಿಯ ವೇಗದಲ್ಲಿ, ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 30 ಅಡಿ, ಬ್ರೇಕು ಹಿಡಿದ ಮೇಲೆ 45 ಅಡಿ, ಒಟ್ಟು 75 ಅಡಿ ದೂರವನ್ನು ಗಾಡಿಯು ಕ್ರಮಿಸುವುದು. ವೇಗವು ಇಮ್ಮಡಿಯಾಗಿ 60 ಮೈಲಿಯಾದರೆ ಮೊದಲನೆಯದು 60 ಅಡಿಯಾಗುವುದು; ಎರಡನೆಯದು ಇಮ್ಮಡಿಯಲ್ಲ, ನಾಲ್ಮಡಿಯಾಗಿ 180 ಅಡಿಯಾಗುವುದು. ಒಟ್ಟು 240 ಅಡಿ. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗವನ್ನು ಅನುಸರಿಸಿ ಬೆಳೆಯುವುದೆಂಬ ಪಾಠವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರು ಅನೇಕರು. ರಸ್ತೆಯಲ್ಲಿ ನೆನೆಯುವವರು ಕೆಲವರು.

ಆದುದರಿಂದ ನಮಗೆ ತೋರುವುದಿಷ್ಟು. ಹಳೆಯ ಗಾಡಿಯಲ್ಲಿ ಅಪಾಯವು ಯಂತ್ರದಲ್ಲಿತ್ತು, ಎಚ್ಚರವು ಮನುಷ್ಯನಲ್ಲಿತ್ತು. ಹೊಸ ಗಾಡಿಯಲ್ಲಿ ಎಚ್ಚರವನ್ನು ಯಂತ್ರಕ್ಕೆ ಒಪ್ಪಿಸಿ, ಅಪಾಯವನ್ನು ಮನುಷ್ಯನ ಮನಸ್ಸಿನೊಳಕ್ಕೆ ಸಾಗಿಸಿದಂತಾಗಿದೆ. ಮುಚ್ಚಿದ ಗಾಡಿಯಲ್ಲಿ ಕುಳಿತವನು ಹೊರಗಿನ ಲೋಕವನ್ನು ಮರೆತರೆ ಆಗ ನಿಜವಾಗಿಯೂ ಕೂಪಮಂಡೂಕನೇ. ಆದರೆ ಅದು ಗಾಡಿಯ ದೋಷವಲ್ಲ. ಮಾಡನ್ನು ಕೊಟ್ಟವರು ಕಣ್ಣು ಮುಚ್ಚಿಕೊಳ್ಳೆಂದು ಹೇಳಲಿಲ್ಲವಷ್ಟೆ.

ಇದು ದೂರದೇಶದ ಹಳೆಯ ಕಥೆಯೆಂದು ವಾಚಕರು ಉಪೇಕ್ಷಿಸಬಾರದು. ಭಾರತ ಸರಕಾರದ ವರದಿಯಂತೆ 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಹತ್ತರಲ್ಲಿ ಏಳು ಪಾಲಿನಷ್ಟು ಸಾವುಗಳಿಗೆ ಅತಿವೇಗವನ್ನು ಕಾರಣವಾಗಿ ಕಾಣಿಸಿದ್ದಾರೆ. ಇಂದಿನ ಗಾಡಿಗಳು ಆ ಜಿ.ಟಿ.ಗಿಂತಲೂ ಎಷ್ಟೋ ಪಾಲು ನಿಶ್ಶಬ್ದವಾದವು, ಮೃದುವಾದವು, ವೇಗವಾದವು. ಮಗನ ಕೈಗೆ ಬೀಗದ ಕೈಯನ್ನು ಕೊಡುವ ತಂದೆಯೂ, ರಾತ್ರಿ ಬಾಗಿಲಲ್ಲಿ ನಿಂತು ದಾರಿ ಕಾಯುವ ತಾಯಿಯೂ ಈ ಸಂಖ್ಯೆಯ ಅರ್ಥವನ್ನು ಬಲ್ಲರು.

ಕಾಯಿದೆಯ ಕೈವಾಡ

ಭದ್ರತೆಯನ್ನು ಹೊರಗಿನಿಂದ ಹೇರಿದಾಗ ಏನಾಗಬಹುದೆಂಬುದಕ್ಕೆ ಎಂ.ಜಿ.ಬಿ.ಯ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಗಾಡಿಗಳ ಬಂಪರು ಮತ್ತು ದೀಪಗಳ ಎತ್ತರದ ವಿಷಯದಲ್ಲಿ ಅಮೆರಿಕದವರು ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿದರು. ಅವುಗಳಿಗೆ ತಕ್ಕಂತೆ 1974ರಲ್ಲಿ ಹೊಳೆಯುವ ಬಂಪರುಗಳನ್ನು ತೆಗೆದು ರಬ್ಬರಿನ ಕಪ್ಪು ದಪ್ಪ ಬಂಪರುಗಳನ್ನು ಇಟ್ಟು, ಗಾಡಿಯನ್ನು ನೆಲದಿಂದ ಒಂದು ಅಂಗುಲಕ್ಕಿಂತ ಹೆಚ್ಚಾಗಿ ಎತ್ತರಿಸಿದರು. ಅಮೆರಿಕದಲ್ಲಿ ಜಿ.ಟಿ.ಯ ಮಾರಾಟವು ಆ ಸುಮಾರಿಗೆ ನಿಂತುಹೋದರೂ ಇಂಗ್ಲೆಂಡಿನ ಗಾಡಿಗೂ ಅದೇ ಎತ್ತರವು ಬಂದಿತು. ಎತ್ತರವಾದ ಗಾಡಿಯು ತಿರುವುಗಳಲ್ಲಿ ಹೆಚ್ಚು ವಾಲತೊಡಗಿತು. ಮೆಲ್ಲನೆ ತಗಲುವ ಪೆಟ್ಟಿನಿಂದ ಕಾಪಾಡಲು ಮಾಡಿದ ಏರ್ಪಾಡು, ಪೆಟ್ಟನ್ನು ತಪ್ಪಿಸಿಕೊಳ್ಳುವ ಚುರುಕನ್ನೇ ಸ್ವಲ್ಪಮಟ್ಟಿಗೆ ಕಸಿದುಕೊಂಡಿತು. 1976ರಲ್ಲಿ ಓಲಾಟವನ್ನು ತಡೆಯುವ ಸರಳುಗಳನ್ನು ಬಲಪಡಿಸಿ ಈ ದೋಷವನ್ನು ಬಹುಮಟ್ಟಿಗೆ ತಿದ್ದಿದರು.

ಇದರಿಂದ ಕಾಯಿದೆಯೇ ಬೇಡವೆಂದು ಹೇಳುವುದು ಅವಿವೇಕವಾದೀತು. ಮುಂದಿನ ಆಸನದವರು ಪಟ್ಟಿಯನ್ನು ಕಟ್ಟಿಕೊಳ್ಳಲೇಬೇಕೆಂದು ಇಂಗ್ಲೆಂಡಿನಲ್ಲಿ 1983ರಲ್ಲಿ ಬಂದ ಕಾಯಿದೆಯು ಎಷ್ಟೋ ಜೀವಗಳನ್ನು ಉಳಿಸಿತು. ಗಾಡಿಗಳಲ್ಲಿ ಪಟ್ಟಿಯು ಅದಕ್ಕೂ ಬಹಳ ವರ್ಷ ಮೊದಲೇ ಇದ್ದಿತು. ಕಟ್ಟಿಕೊಳ್ಳುವ ಬುದ್ಧಿಯು ಮಾತ್ರ ಕಾಯಿದೆಯ ಬಾಗಿಲಿನಿಂದ ಬರಬೇಕಾಯಿತು.

ತೀರ್ಮಾನ

ಆಬಿಂಗ್ಡನ್ನಿನ ಕಾರ್ಖಾನೆಯು 1980ರ ಅಕ್ಟೋಬರಿನಲ್ಲಿ ಮುಚ್ಚಿತು. ಅಷ್ಟರಲ್ಲಿ ತಯಾರಾದ ಎಂ.ಜಿ.ಬಿ.ಗಳು ಐದು ಲಕ್ಷಕ್ಕೂ ಮೇಲೆ; ಅವುಗಳಲ್ಲಿ ಸುಮಾರು 1,25,000 ಜಿ.ಟಿ.ಗಳು. ಟಿ.ಸಿ.ಯ ಹತ್ತು ಸಾವಿರದೊಡನೆ ಇದನ್ನು ಹೋಲಿಸಿದರೆ ಜನರು ಬಯಸಿದುದು ಏನೆಂಬುದು ತಾನೇ ತಿಳಿಯುವುದು. ಎಂ.ಜಿ. ಎಂಬ ಹೆಸರು ಕೈಯಿಂದ ಕೈಗೆ ಹೋಗಿ ಚೀನದ ಕಂಪೆನಿಯೊಂದನ್ನು ಸೇರಿತು. 2019ರಲ್ಲಿ ಗುಜರಾತಿನ ಹಾಲೋಲಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಿಗೂ ಬಂದಿತು. ಹಾಗೆ ಮೊದಲು ಬಂದದ್ದು ಇಡೀ ಸಂಸಾರವನ್ನು ಕೂಡಿಸಿಕೊಳ್ಳುವ ಎತ್ತರವಾದ, ಮುಚ್ಚಿದ ಗಾಡಿ. ಗೃಹಸ್ಥಾಶ್ರಮದ ಜಯವೆಂದರೆ ಇದೇ!

ಹೀಗಿರಲಾಗಿ ನಮ್ಮ ತೀರ್ಮಾನವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುವೆವು. ಪ್ರತಿದಿನದ ಉಪಯೋಗಕ್ಕೆ, ಮಕ್ಕಳು ಮರಿಗಳಿರುವ ಮನೆಗೆ, ಮಳೆಬಿಸಿಲುಗಳ ದಾರಿಗೆ ಮುಚ್ಚಿದ ಗಾಡಿಯೇ ಮೇಲು. ಅದನ್ನು ಹೇಡಿತನವೆಂದೋ ವಿಲಾಸವೆಂದೋ ಹಳಿಯುವವರ ಮಾತಿಗೆ ಬೆಲೆಯಿಲ್ಲ. ಹೆಂಡತಿ ಮಕ್ಕಳನ್ನು ನೆನೆಸಿ, ಗಾಳಿಗೊಡ್ಡಿ, ಅದನ್ನು ಪೌರುಷವೆಂದು ಕರೆಯುವುದು ಗೃಹಸ್ಥನಿಗೆ ಸಲ್ಲದು. ತೆರೆದ ಗಾಡಿಯನ್ನು ಅಕ್ಕರೆಯಿಂದ ಕಾಪಾಡಿಕೊಂಡು, ಹಬ್ಬದ ರೇಷ್ಮೆಯಂತೆ ಒಳ್ಳೆಯ ದಿನಗಳಲ್ಲಿ ಹೊರತೆಗೆಯುವವರು ಲೋಕದಲ್ಲಿ ಇನ್ನೂ ಅನೇಕರಿದ್ದಾರೆ. ಅವರ ಸಂತೋಷವು ಅವರಿಗೆ ಇರಲಿ.

ಆದರೆ ಆ ಹಳೆಯ ಉಪಾಧ್ಯಾಯನು ಕಲಿಸುತ್ತಿದ್ದ ಪಾಠವನ್ನು ಬಿಡುವಂತಿಲ್ಲ. ಹೊಸ ಗಾಡಿಯು ಅದನ್ನು ಕಲಿಸದಿರುವುದರಿಂದ ನಾವೇ ಕಲಿತುಕೊಳ್ಳಬೇಕಾಗಿದೆ. ವೇಗವನ್ನು ಕಿವಿಯಿಂದ ಊಹಿಸದೆ ಮುಳ್ಳನ್ನು ನೋಡಿ ತಿಳಿಯತಕ್ಕದ್ದು. ಮುಂದಿನ ಗಾಡಿಗೂ ತಮಗೂ ನಡುವೆ, ನಿಲ್ಲಲು ಬೇಕಾದಷ್ಟು ನೆಲವನ್ನು ಬಿಡತಕ್ಕದ್ದು. ದೂರ ಪ್ರಯಾಣಕ್ಕೆ ಮೊದಲು ಟೈರುಗಳನ್ನೂ ಬ್ರೇಕನ್ನೂ ನೋಡತಕ್ಕದ್ದು. ಮುಂದೆ ಕುಳಿತವರು ಮಾತ್ರವಲ್ಲ, ಹಿಂದೆ ಕುಳಿತ ಅಜ್ಜಿ ಮೊಮ್ಮಕ್ಕಳೂ ಪಟ್ಟಿಯನ್ನು ಬಿಗಿದುಕೊಂಡ ಮೇಲೆಯೇ ಎಂಜಿನ್ನಿಗೆ ಜೀವ ಕೊಡತಕ್ಕದ್ದು. ಟಿ.ಸಿ.ಯ ವೇಗದ ಗಡಿಯಾರವು ಪಕ್ಕದಲ್ಲಿ ಕುಳಿತವರ ಮುಂದಿತ್ತೆಂದು ಹೇಳಿದೆವಷ್ಟೆ. ಅದು ಅನನುಕೂಲವೆಂದು ಕೆಲವರು ನಕ್ಕಾರು. ನಮಗಂತೂ ಅದರಲ್ಲಿಯೂ ಒಂದು ಹಿತವು ಕಾಣುತ್ತದೆ: ಮನೆಯಾಕೆಯು ಪಕ್ಕದಲ್ಲಿ ಕುಳಿತು ಮುಳ್ಳನ್ನು ನೋಡಿ, "ಸಾಕು, ಸ್ವಲ್ಪ ಮೆಲ್ಲಗೆ" ಎಂದರೆ, ಆ ಮಾತನ್ನು ಕೇಳುವ ಕಿವಿಯುಳ್ಳವನ ಗಾಡಿಯು ತೆರೆದದ್ದಾದರೂ ಸರಿ, ಮುಚ್ಚಿದ್ದಾದರೂ ಸರಿ, ಸುಖವಾಗಿ ಮನೆ ಸೇರುವುದು.